ಬಿಟ್ಟುಹೋದವರಿಗೆ ಆರತಿ, ಇದ್ದು ಒಲ್ಲೆನೆಂದವರಿಗೆ ಬಹಿಷ್ಕಾರ

ಕೃಷ್ಣೆಯ ದಂಡೆಯ ಜುಗೂಳದಿಂದ ನದಿ ದಾಟಿದರೆ ಖಿದ್ರಾಪುರ. ಈಚೆ ದಂಡೆ ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕು, ಆಚೆ ದಂಡೆ ಕೊಲ್ಲಾಪುರ ಜಿಲ್ಲೆಯ ಶಿರೋಳ. ಖಿದ್ರಾಪುರದ ಕೋಪೇಶ್ವರ ಗುಡಿ ಶಿಲಾಹಾರರ ಕಾಲದ್ದು, 12ನೇ ಶತಮಾನದ ಕಟ್ಟಡ. ಈಗ ಅದು ಮಹಾರಾಷ್ಟ್ರದಲ್ಲಿದ್ದರೂ ಅಲ್ಲಿಯ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವು. ಶಿವನ ಗುಡಿಯಾದರೂ ಅಲ್ಲಿ ನಂದಿಯಿಲ್ಲ. ಅದಕ್ಕೆ ಜನ ಹೇಳುವ ಕಾರಣ ಹೀಗಿದೆ: ದಕ್ಷ ಯಜ್ಞ ಮಾಡಿದ, ಬೀಗರು ನೆಂಟರನ್ನೆಲ್ಲ ಕರೆದ, ಬೂದಿ ಬಡಿದುಕೊಂಡು ಸುಡುಗಾಡು ತಿರುಗುವ ಅಳಿಯನನ್ನು ಮಾತ್ರ ಬಿಟ್ಟ. ಗಂಡ ಬೇಡವೆಂದರೂ ಕೇಳದೆ ಸತಿ ನಂದಿಯನ್ನೇರಿ ತವರಿಗೆ ಹೋದಳು. ಅಲ್ಲಿಯ ಅವಮಾನ ತಾಳದೆ ಹೋಮಕುಂಡಕ್ಕೆ ಹಾರಿದಳು. ಕೆರಳಿದ ಶಿವ ಇಲ್ಲಿ ಬಂದು ಕೂತ. ಅವನನ್ನು ರಮಿಸಲು ವಿಷ್ಣು ಬಂದ. ಅದಕ್ಕೇ ಗರ್ಭಗುಡಿಯಲ್ಲಿ ಎರಡು ಲಿಂಗ. ಸತಿಯ ಜೊತೆ ಅವಳ ತವರಿಗೆ ಹೋದ ನಂದಿ ಅಲ್ಲೇ, ಯಡೂರಿನಲ್ಲೇ, ಉಳಿಯಿತು. ಯಡೂರು ಚಿಕ್ಕೋಡಿ ತಾಲ್ಲೂಕಿನಲ್ಲಿದೆ. ಹೀಗಾಗಿ ದೇವರು ಒಂದು ರಾಜ್ಯದಲ್ಲಿ, ಅವನ ವಾಹನ ಇನ್ನೊಂದರಲ್ಲಿ. ಗಡಿ ಆಯೋಗದವರೂ ಕೈಹಾಕದ ತಕರಾರು ಇದೊಂದೇ ಇರಬೇಕು.

ಪುರಾಣದ ಮಾತು ಬಿಟ್ಟರೂ ಈ ಕಥೆ ಯಾವ ಊರಲ್ಲಾದರೂ ನಡೆಯುವಂಥದು. ಮನೆತನದಲ್ಲಿ ಒಬ್ಬ ಎಲ್ಲರಂತಿಲ್ಲ. ಅವನನ್ನು ಕಾರ್ಯಕ್ಕೆ ಕರೆಯುವುದೋ ಬಿಡುವುದೋ ಎಂದು ಹಿರಿಯರು ಕೂತು ತೀರ್ಮಾನಿಸುತ್ತಾರೆ. ವಾದ ಎಷ್ಟು ಬೆಳೆದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಮಾತಿಗೆ: ‘ನಾಕ ಮಂದಿ ಏನಂದಾರು?’ ಆ ನಾಲ್ಕು ಮಂದಿ ಯಾರೆಂದು ಯಾರೂ ಹೆಸರು ಹೇಳುವುದಿಲ್ಲ. ಹೆಣ್ಣು ನೋಡುವಾಗ, ಹೊಲ ಪಾಲು ಮಾಡುವಾಗ, ಹೆಣ ಎತ್ತುವಾಗ ಮಾತ್ರ ಅವರು ತಪ್ಪದೆ ಹಾಜರಿರುತ್ತಾರೆ.

ಅಚ್ಚರಿಯ ಸಂಗತಿಯೆಂದರೆ, ನಾಲ್ಕು ಮಂದಿಗೆ ಇಷ್ಟು ಅಂಜುವ ಈ ನದೀತೀರದಲ್ಲೇ ‘ನೀನು ಒಬ್ಬನೇ’ ಎಂದು ಬೇರೆ ಯಾವ ಮತವೂ ಹೇಳದಷ್ಟು ಖಡಾಖಂಡಿತವಾಗಿ ಹೇಳುವ ಧರ್ಮ ಬೇರುಬಿಟ್ಟಿದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಜೈನರು ಸುಮಾರು 4.4 ಲಕ್ಷ. ಜಿಲ್ಲೆಗಳ ಪೈಕಿ ಅತಿ ಹೆಚ್ಚು ಮಂದಿ ಇರುವುದು ಬೆಳಗಾವಿಯಲ್ಲಿ, ಅದರಲ್ಲೂ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹಳ್ಳಿಗಳಲ್ಲಿ. ಇವರು ಪೇಟೆಯ ಸೇಠರಲ್ಲ. ಬಹುಪಾಲು ಕಬ್ಬು, ಜೋಳ, ತಂಬಾಕಿನ ಒಕ್ಕಲಿಗರು. ಅವರ ಶಾಸ್ತ್ರದಲ್ಲಿ ದಿನವೂ ನೆನೆಯಬೇಕಾದ ಹನ್ನೆರಡು ಭಾವನೆಗಳಲ್ಲಿ ಏಕತ್ವ ಒಂದು: ಜೀವ ಒಂಟಿಯಾಗಿ ಹುಟ್ಟುತ್ತದೆ, ಒಂಟಿಯಾಗಿ ಸಾಯುತ್ತದೆ, ಮಾಡಿದ ಕರ್ಮವನ್ನು ಒಂಟಿಯಾಗಿ ಉಣ್ಣುತ್ತದೆ. ಅದರ ಬೆನ್ನಿಗೇ ಅನ್ಯತ್ವ: ಹೆಂಡತಿ ಮಕ್ಕಳಿರಲಿ, ಈ ಮೈಯೂ ನಿನ್ನದಲ್ಲ. ತೀರ್ಥಂಕರನೂ ಕೈಹಿಡಿದು ಎತ್ತಲಾರ. ದಾರಿ ನಡೆದು ತೋರಿಸಿದ್ದಾನೆ, ಅಷ್ಟೆ. ಹೊಲದ ಉತಾರದಲ್ಲಿ ಅಣ್ಣತಮ್ಮಂದಿರ ಹೆಸರು ಒಟ್ಟಿಗೆ ಇರಬಹುದು, ಕರ್ಮದ ಉತಾರದಲ್ಲಿ ಮಾತ್ರ ಒಂದೇ ಹೆಸರು.

ತತ್ವ ಹೀಗಿದ್ದರೆ ಬದುಕೂ ಹಾಗೇ ಇರಬೇಕಿತ್ತು. ಇಲ್ಲ. ಒಂದೇ ಜಿನನಿಗೆ ಕೈಮುಗಿಯುವ ಚತುರ್ಥ, ಪಂಚಮ ಎಂಬ ಒಳಪಂಗಡಗಳವರು ಬಹುಕಾಲ ಪರಸ್ಪರ ಬೀಗತನ ಬೆಳೆಸುತ್ತಿರಲಿಲ್ಲ. ನಿಪ್ಪಾಣಿ ಹತ್ತಿರದ ಸ್ತವನಿಧಿಯಲ್ಲಿ 1899ರಲ್ಲಿ ದಕ್ಷಿಣ ಭಾರತ ಜೈನ ಸಭೆ ಹುಟ್ಟಿದಾಗ ಅದರ ಮುಂದಿದ್ದ ಕೆಲಸಗಳಲ್ಲಿ ಈ ಗೋಡೆಗಳನ್ನು ತೆಳ್ಳಗೆ ಮಾಡುವುದೂ ಒಂದಾಗಿತ್ತು.

ಚಾತುರ್ಮಾಸದಲ್ಲಿ ಮುನಿಗಳು ಊರಲ್ಲಿ ನಿಂತಾಗ ಈ ಎರಡೂ ಮುಖಗಳು ಒಂದೇ ಓಣಿಯಲ್ಲಿ ಎದುರಾಗುತ್ತವೆ. ಬೆಳಗಿನ ಹೊತ್ತು ಮುನಿ ಆಹಾರಕ್ಕೆ ಹೊರಡುತ್ತಾರೆ. ಹೊರಡುವ ಮುಂಚೆ ಮನಸ್ಸಿನಲ್ಲೇ ಒಂದು ನಿಯಮ ಮಾಡಿಕೊಂಡಿರುತ್ತಾರೆ. ಇಂಥ ಹಣ್ಣು ಹಿಡಿದವರ ಮನೆ, ಇಲ್ಲವೆ ಕಲಶದ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ದಂಪತಿ ನಿಂತ ಮನೆ. ಅದನ್ನು ಯಾರಿಗೂ ಹೇಳುವುದಿಲ್ಲ. ಹೀಗಾಗಿ ಓಣಿಯುದ್ದಕ್ಕೂ ಮನೆಮನೆಯ ಮುಂದೆ ರಂಗೋಲಿ, ಮಡಿ ಬಟ್ಟೆಯಲ್ಲಿ ಗಂಡ ಹೆಂಡತಿ, ಕೈಯಲ್ಲಿ ಕಲಶ, ಬಾಯಲ್ಲಿ ‘ನಮೋಸ್ತು, ನಮೋಸ್ತು’. ನಿಯಮ ಕೂಡಿದ ಮನೆಯ ಮುಂದೆ ಮುನಿ ನಿಲ್ಲುತ್ತಾರೆ. ಮೂರು ಸುತ್ತು ಬಂದು, ಕಾಲು ತೊಳೆದು, ಒಳಗೆ ಕರೆದೊಯ್ಯುತ್ತಾರೆ. ಮುನಿ ನಿಂತೇ ಉಣ್ಣುತ್ತಾರೆ, ಬೊಗಸೆಯೇ ತಟ್ಟೆ. ದಿನಕ್ಕೆ ಒಂದೇ ಹೊತ್ತು. ಬೊಗಸೆಯಲ್ಲಿ ಒಂದು ಕೂದಲು ಸಿಕ್ಕಿತೆಂದರೆ ಅಂತರಾಯ. ಕೈ ಬಿಡಿಸಿಬಿಡುತ್ತಾರೆ, ಆ ದಿನಕ್ಕೆ ನೀರೂ ಇಲ್ಲ. ಅಡಿಗೆಮನೆಯ ಹೆಂಗಸರ ಎದೆ ಡವಗುಟ್ಟುವುದು ಆಗ.

ನಿಯಮ ಕೂಡದ ದಿನ ಮುನಿ ಉಪವಾಸ ತಿರುಗಿಹೋಗುತ್ತಾರೆ. ಯಾರ ಹಂಗೂ ಇಲ್ಲದ ಸ್ವತಂತ್ರ ಜೀವವೆಂದರೆ ಇದಲ್ಲದೆ ಇನ್ನೇನು? ಆದರೆ ಆ ಸ್ವತಂತ್ರ ಜೀವ ಉಣ್ಣಬೇಕಾದರೆ ಎದುರಿನ ಮನೆ ಕಟ್ಟುನಿಟ್ಟಾಗಿ ಸಂಪ್ರದಾಯದಲ್ಲಿರಬೇಕು: ಗಾಳಿಸಿದ ನೀರು, ಮಡಿ, ಕಂದಮೂಲ ತಾಗದ ಪಾತ್ರೆ, ಕುಲದ ಶುದ್ಧಿ. ಒಬ್ಬನ ಪೂರ್ತಿ ಬಿಡುಗಡೆಗೆ ನೂರು ಮನೆಗಳ ಪೂರ್ತಿ ಕಟ್ಟುಪಾಡು ಊರುಗೋಲು. ಈ ಸೀಮೆ ವ್ಯಕ್ತಿಯ ಹಟವನ್ನು ಒಪ್ಪುವುದು ಒಂದೇ ಷರತ್ತಿನ ಮೇಲೆ: ಎಲ್ಲವನ್ನೂ ಬಿಟ್ಟು ಹೊರಟುಹೋಗಬೇಕು. ಹೋದರೆ ಆರತಿ. ಒಳಗೇ ಇದ್ದುಕೊಂಡು ‘ನಾ ಒಲ್ಲೆ’ ಎಂದರೆ ಬಹಿಷ್ಕಾರ ಹಾಕಲು ಊರ ಪಂಚರ ದೈವ ಕೂಡುತ್ತದೆ.

ಹೋದವರ ಹೆಸರು ಹೇಳುತ್ತ ಹೋದರೆ ಊರೂರಿನ ಸರಣಿಯೇ ಬರುತ್ತದೆ. ದೂಧಗಂಗಾ ವೇದಗಂಗೆಗಳು ಕೂಡುವ ಭೋಜದ ಪಾಟೀಲ ಮನೆತನದ ಸಾತಗೌಡ, 20ನೇ ಶತಮಾನದಲ್ಲಿ ದಿಗಂಬರ ಮುನಿಪರಂಪರೆಗೆ ಮರುಜೀವ ಕೊಟ್ಟ ಆಚಾರ್ಯ ಶಾಂತಿಸಾಗರರಾದರು. ಚಿಕ್ಕೋಡಿ ತಾಲ್ಲೂಕಿನ ಕೋಥಳಿಯಿಂದ ಆಚಾರ್ಯ ದೇಶಭೂಷಣರು ಹೊರಟರು. ಶೇಡಬಾಳದ ಸುರೇಂದ್ರ ಉಪಾಧ್ಯೆ 1963ರಲ್ಲಿ ದೇಶಭೂಷಣರಿಂದಲೇ ದೀಕ್ಷೆ ಪಡೆದು ವಿದ್ಯಾನಂದರಾದರು. ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ವಿದ್ಯಾಧರ ಇಪ್ಪತ್ತೊಂದರ ಹರೆಯದಲ್ಲಿ ಅಜ್ಮೀರಿನಲ್ಲಿ ಬಟ್ಟೆ ಬಿಚ್ಚಿ ವಿದ್ಯಾಸಾಗರರಾದರು. ಅವರ ವಿಷಯದಲ್ಲಿ ಇನ್ನೂ ಒಂದು ವಿಶೇಷ: ಮಗನ ಹಿಂದೆ ತಂದೆ, ತಾಯಿ, ತಮ್ಮಂದಿರು ಒಬ್ಬೊಬ್ಬರಾಗಿ ದೀಕ್ಷೆ ತೆಗೆದುಕೊಂಡರು. 2024ರ ಫೆಬ್ರುವರಿಯಲ್ಲಿ ಡೋಂಗರಗಢದಲ್ಲಿ ಅವರು ಸಲ್ಲೇಖನದಿಂದ ದೇಹ ಬಿಟ್ಟ ಮೇಲೆ ಸಂಘದ ಆಚಾರ್ಯ ಪದವಿಗೆ ಬಂದವರು ತಮ್ಮ ಸಮಯಸಾಗರರು. ಎಲ್ಲರ ಸಂಗ ಬಿಡಲು ಹೊರಟ ದಾರಿಯಲ್ಲಿ ಇಡೀ ಮನೆತನವೇ ಮತ್ತೆ ಕೂಡಿದ್ದು ಹೀಗೆ.

ಹೋದವನು ಊರನ್ನು ಬಿಟ್ಟಿರುತ್ತಾನೆ. ಊರು ಅವನನ್ನು ಬಿಟ್ಟಿರುವುದಿಲ್ಲ. 1947ರಲ್ಲಿ ಮುಂಬಯಿ ಪ್ರಾಂತ್ಯ ಹರಿಜನ ದೇವಾಲಯ ಪ್ರವೇಶ ಕಾಯಿದೆ ತಂದಿತು. ಅದು ಜೈನ ಬಸದಿಗಳಿಗೂ ಅನ್ವಯಿಸುತ್ತದೆಂದಾಗ ಶಾಂತಿಸಾಗರರು ಅನ್ನ ಬಿಟ್ಟರು. 1948ರಿಂದ 1951ರಲ್ಲಿ ಹೈಕೋರ್ಟಿನ ತೀರ್ಪು ಬರುವವರೆಗೆ, ಸುಮಾರು ಮೂರು ವರ್ಷ, ಧಾನ್ಯ ಮುಟ್ಟಲಿಲ್ಲ. ಅವರ ಕಡೆಯವರ ವಾದ ಗಟ್ಟಿಯಾದುದೇ: ಜೈನರು ಹಿಂದೂಗಳಲ್ಲ, ಬೇರೆ ಧರ್ಮದವರ ಗುಡಿಯ ವಿಚಾರದಲ್ಲಿ ಸರ್ಕಾರ ತಲೆಹಾಕಬಾರದು. ಆದರೂ ಕಣ್ಣಿಗೆ ಕುಕ್ಕುವ ಸಂಗತಿ ಕುಕ್ಕಿಯೇ ತೀರುತ್ತದೆ. ಹೊಲ, ಹೆಸರು, ಕೊನೆಗೆ ಮೈಮೇಲಿನ ಎಳೆ ನೂಲನ್ನೂ ಬಿಟ್ಟ ಮನುಷ್ಯ, ಬಿಟ್ಟುಬಂದ ಸಮಾಜದ ಬೇಲಿಯನ್ನು ಪ್ರಾಣ ಒತ್ತೆಯಿಟ್ಟು ಕಾದ.

ಇದಕ್ಕೆ ಎದುರಾಗಿ ಒಬ್ಬ ಹುಡುಗನನ್ನು ನಿಲ್ಲಿಸಬೇಕು. ಕುಂಭೋಜದಲ್ಲಿ 1887ರಲ್ಲಿ ಹುಟ್ಟಿದ ಭಾವುರಾವ್ ಪಾಟೀಲ ಕೊಲ್ಲಾಪುರದ ಜೈನ ಬೋರ್ಡಿಂಗಿನಲ್ಲಿದ್ದ. ಅಸ್ಪೃಶ್ಯ ವಿದ್ಯಾರ್ಥಿಗಳ ಮಿಸ್ ಕ್ಲಾರ್ಕ್ ಹಾಸ್ಟೆಲಿನ ಸಮಾರಂಭಕ್ಕೆ ಹೋಗಿಬಂದ. ಸ್ನಾನ ಮಾಡಿ ಒಳಗೆ ಬಾ ಎಂದರು; ಮಾಡುವುದಿಲ್ಲ ಎಂದ. ಬೋರ್ಡಿಂಗ್ ಬಿಡಬೇಕಾಯಿತು. ಒಂದು ಕೊಡ ನೀರು ಸುರಿದುಕೊಂಡಿದ್ದರೆ ಮುಗಿಯುತ್ತಿತ್ತು. ಆ ಬೋರ್ಡಿಂಗಿನ ಮೇಲ್ವಿಚಾರಕ ಅಣ್ಣಾಸಾಹೇಬ ಲಠ್ಠೆಯವರೂ ಸಂಪ್ರದಾಯಸ್ಥರಲ್ಲ, ಆ ಕಾಲದ ಸುಧಾರಕರಲ್ಲೇ ಒಬ್ಬರು. ಸುಧಾರಕನಿಗೂ ನಾಲ್ಕು ಮಂದಿ ಇರುತ್ತಾರಲ್ಲ! ಭಾವುರಾವ್ ಮುನಿಯಾಗಲಿಲ್ಲ, ಸಮಾಜ ಬಿಡಲಿಲ್ಲ. 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿ, ಎಲ್ಲ ಜಾತಿಯ ಹುಡುಗರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದರು. ಇದ್ದು ಒಲ್ಲೆನೆನ್ನುವುದರ ಬೆಲೆ ಏನೆಂದು ತಿಳಿಯಲು ಅವರ ಜೀವನ ಓದಿದರೆ ಸಾಕು.

ಈ ಎರಡು ಬಗೆಯ ಮನುಷ್ಯರನ್ನು ಕನ್ನಡ ಸಾಹಿತ್ಯ ಹೇಗೆ ನೋಡಿತು?

ಹೊರಟುಹೋದವನನ್ನು ಅದು ಮೊದಲಿನಿಂದ ಹಾಡಿ ಹೊಗಳಿದೆ. 941ರ ಆದಿಪುರಾಣದಲ್ಲಿ ಪಂಪ ಬಾಹುಬಲಿಯನ್ನು ಕಡೆದು ನಿಲ್ಲಿಸಿದ. ಅಣ್ಣನಿಗೆ ತಲೆಬಾಗಲೊಲ್ಲದ ತಮ್ಮ, ಗೆದ್ದ ಗಳಿಗೆಯಲ್ಲೇ ರಾಜ್ಯವನ್ನು ಎಸೆದು ಕಾಡಿಗೆ ನಡೆದ. ಅವನು ಗೆದ್ದು, ಸಿಂಹಾಸನದ ಮೇಲೆ ಕೂತು, ‘ಅಣ್ಣನ ಚಕ್ರವನ್ನು ನಾನು ಒಪ್ಪುವುದಿಲ್ಲ’ ಎಂದಿದ್ದರೆ ನಮ್ಮಲ್ಲಿ ಎಷ್ಟು ಬೆಟ್ಟಗಳ ಮೇಲೆ ಅವನ ವಿಗ್ರಹ ಇರುತ್ತಿತ್ತೋ ಗೊತ್ತಿಲ್ಲ. ಜೈನರಲ್ಲಿ ಮಾತ್ರ ಹೀಗೆಂದೂ ಅಲ್ಲ. ಉಡುತಡಿ ಬಿಟ್ಟು ನಡೆದ ಅಕ್ಕಮಹಾದೇವಿ ಶ್ರೀಶೈಲದ ಕದಳಿಯಲ್ಲಿ ಕರಗಿದಳು, ಅವಳಿಗೆ ಗುಡಿಗಳಾದವು. ಕಲ್ಯಾಣದಲ್ಲೇ ಉಳಿದು ಜಾತಿ ಮೀರಿ ಮಕ್ಕಳ ಮದುವೆ ಮಾಡಿದ ಹರಳಯ್ಯ, ಮಧುವಯ್ಯರನ್ನು ಎಳೆಹೂಟೆ ಕಟ್ಟಿಸಿ ಕೊಂದರೆಂದು ಶರಣರ ಚರಿತ್ರೆ ಹೇಳುತ್ತದೆ.

ಕವಿಯೊಬ್ಬ ಸ್ವತಃ ಈ ಇಕ್ಕಳದಲ್ಲಿ ಸಿಕ್ಕ ಕಥೆಯೂ ಇದೆ. 16ನೇ ಶತಮಾನದಲ್ಲಿ ಮೂಡಬಿದಿರೆಯ ರತ್ನಾಕರವರ್ಣಿ ಭರತೇಶ ವೈಭವ ಬರೆದ. ಅವನ ಭರತ ಕಾಡಿಗೆ ಓಡಿಹೋಗುವವನಲ್ಲ. ಅರಮನೆಯಲ್ಲಿ ಸಾವಿರಾರು ರಾಣಿಯರ ನಡುವೆ ಇದ್ದುಕೊಂಡೇ ಯೋಗಿ. ಬಾಹುಬಲಿಯ ನಾಡಿನಲ್ಲಿ ಭರತನನ್ನು ನಾಯಕನಾಗಿಸಿದ್ದೇ ಒಂದು ಧಾಡಸಿ. ಕಾವ್ಯವನ್ನು ಆನೆಯ ಮೇಲೆ ಮೆರವಣಿಗೆ ಮಾಡಿಸಿರೆಂದು ಕೇಳಿದ. ಕೆಲವು ಪದ್ಯಗಳು ಶಾಸ್ತ್ರಕ್ಕೆ ಒಪ್ಪುವುದಿಲ್ಲವೆಂದು ಗುರುಪೀಠ ಒಲ್ಲೆನೆಂದಿತು. ಜಗಳ ಬೆಳೆಯಿತು. ಶ್ರಾವಕರ ಮನೆಗಳಲ್ಲಿ ಅವನಿಗೆ ಅನ್ನ ಹಾಕಬಾರದೆಂದು ಕಟ್ಟಪ್ಪಣೆಯಾಯಿತು. ಒಡಹುಟ್ಟಿದವಳ ಮನೆಯಲ್ಲಿ ಉಂಡುಕೊಂಡಿದ್ದ. ಕೊನೆಗೆ ರೋಸಿ ವೀರಶೈವನಾದ. ಎಷ್ಟೋ ಕಾಲದ ಮೇಲೆ ತಿರುಗಿ ಬಂದ. 19ನೇ ಶತಮಾನದಲ್ಲಿ ದೇವಚಂದ್ರ ಬರೆದ ರಾಜಾವಳೀಕಥೆ ಹೇಳುವುದು ಇದನ್ನು. ಪ್ರತಿ ವಿವರವೂ ಇತಿಹಾಸವೆಂದು ಹಿಡಿಯಬೇಕಿಲ್ಲ. ಬಹಿಷ್ಕಾರ ಹೇಗೆ ನಡೆಯುತ್ತಿತ್ತೆಂಬುದರ ವಿವರ ಮಾತ್ರ ಸುಳ್ಳಲ್ಲ: ಪದ್ಯ ತಪ್ಪಾದರೆ ಪದ್ಯಕ್ಕೆ ಉತ್ತರವಿಲ್ಲ, ಅನ್ನ ಬಂದ್. ಮುಂದೆ ರತ್ನಾಕರನ ಶತಕಗಳನ್ನು ಹಿಂದಿಗೆ ತಂದು ಉತ್ತರದ ಶ್ರಾವಕರಿಗೆ ಓದಿಸಿದವರು, ಎಲ್ಲ ಬಿಟ್ಟುಹೋಗಿದ್ದ ಕೋಥಳಿಯ ದೇಶಭೂಷಣರು. ಒಳಗಿದ್ದು ತಕರಾರು ಮಾಡಿದವನನ್ನು ಹೊರಗೆ ಹೋದವನು ಸಲಹಿದ ಅಪರೂಪದ ಸಂದರ್ಭ.

ಆದರೆ ಇದ್ದು ಒಲ್ಲೆನೆಂದವರ ಸಾಲಿನಲ್ಲಿ ಕನ್ನಡದ ಅತಿ ದೊಡ್ಡ ಪಾತ್ರ ಒಬ್ಬ ಹೆಂಗಸು. 1209ರಲ್ಲಿ ಜನ್ನ ಬರೆದ ಯಶೋಧರ ಚರಿತೆಯ ಅಮೃತಮತಿ. ಉಜ್ಜಯಿನಿಯ ರಾಣಿ, ಗಂಡ ಚೆಲುವ, ಪ್ರೀತಿಯವ. ಒಂದು ಬೆಳಗಿನ ಜಾವ ಆನೆಲಾಯದ ಕಡೆಯಿಂದ ಮಾವಟಿಗನ ಹಾಡು ಕೇಳಿ ಮನಸೋಲುತ್ತಾಳೆ. ನೋಡಿಬಂದ ಕೆಳದಿ ಅವನ ಕುರೂಪವನ್ನು ಒಂದೊಂದು ಅಂಗ ಹಿಡಿದು ಬಣ್ಣಿಸಿದರೂ ಹಿಂದೆಗೆಯುವುದಿಲ್ಲ. ತಡವಾಗಿ ಬಂದಳೆಂದು ಅವನು ಹೊಡೆದರೂ ಅವನನ್ನು ಬಿಡುವುದಿಲ್ಲ. ಅರಮನೆಯನ್ನೂ ಬಿಡುವುದಿಲ್ಲ. ಕವಿಗೆ ಅವಳ ಮೇಲೆ ಕರುಣೆಯಿಲ್ಲ. ಗಂಡನಿಗೂ ಅತ್ತೆಗೂ ವಿಷವಿಕ್ಕಿಸಿ, ಕೊನೆಗೆ ನರಕಕ್ಕೆ ಕಳಿಸುತ್ತಾನೆ. ಆದರೂ ಓದಿ ಮುಗಿಸಿದ ಮೇಲೆ ನೆನಪಿನಲ್ಲಿ ನಿಲ್ಲುವವಳು ಅವಳೇ. ಜನ್ನನ ಧರ್ಮ ಒಂದು ತೀರ್ಪು ಕೊಟ್ಟಿತು, ಅವನ ಕಿವಿ ಇನ್ನೊಂದನ್ನು ಕೇಳಿಸಿಕೊಂಡಿತು.

ಅಮೃತಮತಿಯ ಗದ್ದಲದಲ್ಲಿ ಯಶೋಧರನ ತಪ್ಪೇನೆಂದು ಕೇಳುವವರು ಕಡಿಮೆ. ಅವನು ಕಂಡದ್ದನ್ನು ಕಂಡಂತೆ ಹೇಳಲಾರದೆ, ಕೆಟ್ಟ ಕನಸು ಬಿತ್ತೆಂದು ತಾಯಿಗೆ ಹೇಳುತ್ತಾನೆ. ತಾಯಿ ದೇವಿಗೆ ಬಲಿ ಕೊಡು ಎನ್ನುತ್ತಾಳೆ. ಅವನಿಗೆ ಹಿಂಸೆ ಬೇಡ, ತಾಯಿಯ ಮಾತು ಮೀರುವುದೂ ಬೇಡ. ನಡುದಾರಿಯಾಗಿ ಹಿಟ್ಟಿನ ಕೋಳಿ ಮಾಡಿ ಕಡಿಯುತ್ತಾನೆ. ಹಿಟ್ಟಿನದಾದರೂ ಕಡಿಯುವ ಸಂಕಲ್ಪ ನಿಜವಾದದ್ದು. ಆ ಒಂದು ಸಂಕಲ್ಪಕ್ಕೆ ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಆಡು ಎಂದು ಜನ್ಮ ಜನ್ಮ ಅಲೆಯುತ್ತಾರೆ. ಇದನ್ನು ಅಹಿಂಸೆಯ ಪಾಠವೆಂದು ಓದುವುದು ರೂಢಿ. ಜೀವದಯಾಷ್ಟಮಿಯ ನೋಂಪಿಯಲ್ಲಿ ಈ ಕಥೆಗೆ ಇರುವ ಜಾಗವೂ ಅದೇ. ಅದರೊಳಗೇ ಇನ್ನೊಂದು ಕಟುವಾದ ಮಾತಿದೆ. ಯಶೋಧರ ಕೆಟ್ಟದ್ದು ತನ್ನ ಹಟದಿಂದಲ್ಲ, ಹಟ ಇಲ್ಲದ್ದರಿಂದ. ಅವ್ವನ ಮನಸ್ಸು ನೋಯಬಾರದೆಂದು, ಅರಮನೆಯ ಮಾನ ಹೋಗಬಾರದೆಂದು ಅವನು ಹೊಂದಿಕೊಂಡ. ಅವ್ವನಿಗಾಗಿ ಮಾಡಿದೆನೆಂಬ ಸಬೂಬನ್ನು ಕರ್ಮ ಕೇಳಿಸಿಕೊಳ್ಳಲಿಲ್ಲ. ನಾಲ್ಕು ಮಂದಿಯ ಮಾತಿಗೆ ತಲೆದೂಗಿದ್ದಕ್ಕೆ ಇಷ್ಟು ದೊಡ್ಡ ಶಿಕ್ಷೆ ಕೊಟ್ಟ ಕಾವ್ಯ ಕನ್ನಡದಲ್ಲಿ ಇನ್ನೊಂದಿದ್ದಂತಿಲ್ಲ. ಗಿರೀಶ ಕಾರ್ನಾಡರು 1980ರಲ್ಲಿ ‘ಹಿಟ್ಟಿನ ಹುಂಜ’ ಬರೆದಾಗ ಈ ಗಂಟನ್ನೇ ಹಿಡಿದರು. ರಾಣಿಯನ್ನು ಜೈನ ಮನೆತನದವಳನ್ನಾಗಿ ಮಾಡಿ, ಹಿಟ್ಟಿನ ಹಿಂಸೆಯನ್ನು ಪ್ರಶ್ನಿಸುವ ಹಕ್ಕನ್ನು ಅವಳ ಕೈಗೇ ಕೊಟ್ಟರು.

ಹಳೆಯ ಕಾವ್ಯಗಳು ಇಷ್ಟು ದೂರ ಬಂದು ನಿಂತವು. ಮುಂದಿನದನ್ನು ಕಾದಂಬರಿ ಮಾಡಬೇಕಾಯಿತು. ಕಾದಂಬರಿಗೆ ಕಾಡು ಒಗ್ಗುವುದಿಲ್ಲ; ಅದಕ್ಕೆ ಪಡಸಾಲೆ ಬೇಕು, ಅಡಿಗೆಮನೆ ಬೇಕು, ಓಣಿಯ ಮಾತು ಬೇಕು. ಮುನಿಯಾಗಿ ಹೊರಟವನ ಮೇಲೆ ನಾಲ್ಕು ನೂರು ಪುಟ ಬರೆಯುವುದು ಕಷ್ಟ, ಹೊರಡದೆ ಒಳಗೇ ಕುದಿಯುವವನ ಮೇಲೆ ಎಷ್ಟಾದರೂ ಬರೆಯಬಹುದು.

ಜುಗೂಳದ ತಾಲ್ಲೂಕಿನಲ್ಲೇ ಈ ಕೆಲಸಕ್ಕೆ ಕೈಹಾಕಿದವರು ಶೇಡಬಾಳದ ಮಿರ್ಜಿ ಅಣ್ಣಾರಾಯರು. 1918ರಲ್ಲಿ ಹುಟ್ಟಿ 1975ರಲ್ಲಿ ತೀರಿಕೊಂಡ ಅವರು ‘ಜೈನಧರ್ಮ’ ಎಂಬ ಶಾಸ್ತ್ರದ ಪುಸ್ತಕವನ್ನೂ ಬರೆದರು, ‘ನಿಸರ್ಗ’, ‘ರಾಮಣ್ಣ ಮಾಸ್ತರು’, ‘ಅಶೋಕಚಕ್ರ’ದಂಥ ಕಾದಂಬರಿಗಳನ್ನೂ ಬರೆದರು. 1945ರ ‘ನಿಸರ್ಗ’ ಕೃಷ್ಣಾತೀರದ ಜೈನ ಒಕ್ಕಲು ಮನೆತನವನ್ನು ಅಲ್ಲಿಯ ಆಡುಮಾತಿನೊಡನೆ ಕನ್ನಡ ಕಾದಂಬರಿಯೊಳಕ್ಕೆ ತಂದಿತು. ಅದುವರೆಗೆ ಕನ್ನಡಿಗರಿಗೆ ಜೈನನೆಂದರೆ ಚಂಪೂಕಾವ್ಯದ ಚಕ್ರವರ್ತಿ, ಇಲ್ಲವೆ ಬೆಳಗೊಳದ ಕಲ್ಲು. ಕೂರಿಗೆ ಹಿಡಿದ, ಸೊಸೆಯ ಮೇಲೆ ಸಿಡಿಮಿಡಿಗುಟ್ಟುವ, ಸಾಲಕ್ಕೆ ಹೆದರುವ ಜೈನ ಮೊದಲ ಬಾರಿಗೆ ಬಾಯಿಬಿಟ್ಟ. ಒಂದೇ ಲೇಖನಿಯಿಂದ ಶಾಸ್ತ್ರವೂ ಕಾದಂಬರಿಯೂ ಹೊರಟದ್ದರಿಂದ ಅಣ್ಣಾರಾಯರಲ್ಲಿ ಒಂದು ಎಳೆದಾಟ ಇದೆ. ಶಾಸ್ತ್ರಕಾರ ಒಪ್ಪದ್ದನ್ನು ಕಾದಂಬರಿಕಾರ ಹೇಳಿಬಿಡುತ್ತಾನೆ, ಆಮೇಲೆ ಶಾಸ್ತ್ರಕಾರ ಬಂದು ಸಮಜಾಯಿಷಿ ಕೊಡುತ್ತಾನೆ. ಈಗ ಓದುವವರಿಗೆ ಸಮಜಾಯಿಷಿ ಸ್ವಲ್ಪ ಉದ್ದವೆನಿಸಬಹುದು.

ಶಾಂತಿನಾಥ ದೇಸಾಯಿಯವರಲ್ಲಿ ಸಮಜಾಯಿಷಿ ಇಲ್ಲ. ಹಳಿಯಾಳದಲ್ಲಿ ಹುಟ್ಟಿದ ಈ ಜೈನ ಮನೆಯ ಹುಡುಗ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸಿ, ಕುವೆಂಪು ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. 1961ರ ಅವರ ‘ಮುಕ್ತಿ’ ನವ್ಯ ಕಾದಂಬರಿಗಳ ಸಾಲಿನಲ್ಲಿ ಮೊದಲನೆಯದೆಂದು ವಿಮರ್ಶಕರು ಹೇಳುತ್ತಾರೆ. ಅದರ ನಾಯಕ ಗೌರೀಶ ಹುಡುಕುವುದು ಮುನಿಗಳ ಪಿಂಛಿ ಕಮಂಡಲುವಿನ ಬಿಡುಗಡೆಯನ್ನಲ್ಲ. ತನ್ನನ್ನು ಪ್ರೀತಿಸುವವರಿಂದ, ತನ್ನ ಮೇಲೆ ಹಕ್ಕು ಸಾಧಿಸುವವರಿಂದ, ಕೊನೆಗೆ ತನ್ನ ಆಸೆಯಿಂದಲೇ ತಪ್ಪಿಸಿಕೊಳ್ಳುವ ದಾರಿಯನ್ನು. ಬಾಳಿನ ಕೊನೆಗೆ ಬರೆದ ‘ಓಂ ಣಮೋ’ದಲ್ಲಿ ದೇಸಾಯಿ ಮತ್ತೆ ಬೆಳಗಾವಿ ಕಡೆಯ ಜೈನ ಬದುಕಿಗೇ ತಿರುಗಿದರು, ಇಂಗ್ಲೆಂಡಿನಿಂದ ಬಂದ ಸಂಶೋಧಕರ ಕಣ್ಣನ್ನು ಎರವಲು ಪಡೆದುಕೊಂಡು. ಒಳಗಿನವನು ತನ್ನ ಮನೆಯನ್ನು ನೋಡಲು ಹೊರಗಿನವನ ಕಿಟಕಿ ಬೇಕಾಯಿತು. 1998ರಲ್ಲಿ ಅವರು ತೀರಿಕೊಂಡರು. 2000ದಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಆ ಕಾದಂಬರಿಗೆ ಬಂತು.

‘ಮುಕ್ತಿ’ ಬಂದ ಹೊತ್ತಿನಲ್ಲೇ ಕನ್ನಡದ ಇನ್ನೊಂದು ಮೂಲೆಯಲ್ಲೂ ಇದೇ ಪ್ರಶ್ನೆ ಎದ್ದಿತ್ತು. 1965ರ ‘ಸಂಸ್ಕಾರ’ದ ನಾರಣಪ್ಪ ಅಗ್ರಹಾರ ಬಿಟ್ಟು ಹೋಗಲಿಲ್ಲವೆಂಬುದೇ ಅಗ್ರಹಾರದ ತೊಡಕು. ಬಹಿಷ್ಕಾರ ಹಾಕಿದರೆ ಮುಸಲ್ಮಾನನಾಗಿ ಇಲ್ಲೇ ಇರುತ್ತೇನೆಂದು ಹೆದರಿಸಿದ್ದ. ಸತ್ತ ಮೇಲೂ ಇದ್ದೇ ಇದ್ದ, ಹೆಣ ಎತ್ತುವವರಿಲ್ಲ. ಅಲ್ಬೇರ್ ಕಾಮೂನ 1942ರ ಕಾದಂಬರಿಯಲ್ಲಿ ಮೆರ್ಸೋ ಕೊಂದದ್ದಕ್ಕಿಂತ ಹೆಚ್ಚಾಗಿ, ತಾಯಿ ಸತ್ತಾಗ ಅಳಲಿಲ್ಲವೆಂಬುದು ಕೋರ್ಟಿಗೆ ದೊಡ್ಡ ಅಪರಾಧವಾಗಿ ಕಾಣುತ್ತದೆ. ಅದನ್ನು ಓದಿ ‘ಯುರೋಪಿನ ಅಸ್ತಿತ್ವವಾದ’ ಎಂದು ಟಿಪ್ಪಣಿ ಬರೆದುಕೊಂಡ ನಮ್ಮ ನವ್ಯರಲ್ಲಿ ಎಷ್ಟೋ ಮಂದಿಗೆ ಊರಲ್ಲಿ ‘ಅವ್ವ ಸತ್ತರ ಕಣ್ಣಾಗ ನೀರ ಬರಲಿಲ್ಲ ನೋಡ್ರಿ’ ಎಂಬ ಮಾತು ಕೇಳಿದ ನೆನಪೂ ಇದ್ದಿರಬೇಕು.

ಹೋದವರೂ ಬರೆದರು. ಸದಲಗಾದ ವಿದ್ಯಾಸಾಗರರು 1988ರಲ್ಲಿ ಪ್ರಕಟಿಸಿದ ‘ಮೂಕಮಾಟಿ’ ಹಿಂದಿಯ ಮಹಾಕಾವ್ಯ. ಮನೆಮಾತು ಕನ್ನಡವಾದವರು ಕಲಿತ ಭಾಷೆಯಲ್ಲಿ ಮಹಾಕಾವ್ಯ ಬರೆದದ್ದೇ ದೊಡ್ಡ ಸಂಗತಿ. ಕನ್ನಡಕ್ಕೆ ಅದು ತಪ್ಪಿತಲ್ಲ ಎಂಬ ಸಣ್ಣ ಹೊಟ್ಟೆಕಿಚ್ಚು ಸಹಜ. ಕಾವ್ಯದ ನಾಯಕಿ ಮಣ್ಣು. ತುಳಿಸಿಕೊಂಡು ಬಿದ್ದಿದ್ದ ಮಣ್ಣನ್ನು ಕುಂಬಾರ ತಂದು, ಸೋಸಿ, ಕಲಸಿ, ತಿಗರಿಗೆ ಹಾಕಿ, ಆವಿಗೆಯಲ್ಲಿ ಸುಟ್ಟು ಕೊಡ ಮಾಡುತ್ತಾನೆ. ಮೊದಲ ಭಾಗದಲ್ಲೇ ಒಂದು ಜಗಳ ಬರುತ್ತದೆ. ಸೋಸುವಾಗ ಹರಳುಗಳು ತಮ್ಮನ್ನೇಕೆ ಬೇರೆ ಮಾಡಿದೆಯೆಂದು ತಕರಾರು ತೆಗೆಯುತ್ತವೆ. ನೀವು ಮಣ್ಣಿನ ಜೊತೆ ಇದ್ದಿರಿ, ಮಣ್ಣಾಗಲಿಲ್ಲ, ನೀರಿಗೆ ನೆನೆಯಲಿಲ್ಲ, ಮೆದುವಾಗಲಿಲ್ಲ ಎಂಬುದು ಕುಂಬಾರನ ಉತ್ತರದ ತಾತ್ಪರ್ಯ. ಸಾಧನೆಯ ದೃಷ್ಟಿಯಿಂದ ನೋಡಿದರೆ ಉತ್ತರಕ್ಕೆ ತಪ್ಪು ಹೇಳುವಂತಿಲ್ಲ. ಹರಳು ಉಳಿದ ಕೊಡ ಬೆಂಕಿಯಲ್ಲಿ ಸೀಳುತ್ತದೆ. ಆದರೆ ಸಂಸಾರದಲ್ಲಿರುವ ಓದುಗನಿಗೆ ಹರಳಿನ ವಾದವೂ ಕಿವಿಗೆ ಬೀಳದಿರದು. ಎಲ್ಲ ಮಣ್ಣೂ ಕೊಡವಾಗಲೇಬೇಕೆ? ಕುಂಬಾರನ ಅಂಗಳದಲ್ಲಿ ಈ ಪ್ರಶ್ನೆಗೆ ಜಾಗವಿಲ್ಲ. ಅಣ್ಣಾರಾಯರ, ದೇಸಾಯಿಯವರ ಕಾದಂಬರಿಗಳ ತುಂಬ ಇರುವುದು ಅದೊಂದೇ.

ಧರ್ಮದೊಳಗೇ ಈ ಪ್ರಶ್ನೆಗೆ ಜಾಗ ಕೊಟ್ಟವರು ಯಾರೂ ಇರಲಿಲ್ಲವೆಂದು ತಿಳಿಯಬಾರದು. ಇದ್ದರು, ಅದೂ ಇದೇ ನೆಲದಲ್ಲಿ. ಯಾಪನೀಯರೆಂಬ ಜೈನ ಸಂಘ ಕರ್ನಾಟಕದಲ್ಲಿ ಶತಮಾನಗಳ ಕಾಲ ಬಾಳಿತು. ಅವರ ಮುನಿಗಳು ದಿಗಂಬರರಂತೆ ಬತ್ತಲೆ ಇದ್ದರು; ನಂಬಿಕೆಯಲ್ಲಿ ಮಾತ್ರ ದಿಗಂಬರರ ಜೊತೆ ಕೂಡಲಿಲ್ಲ. ಹೆಣ್ಣಿಗೆ ಹೆಣ್ಣುಜನ್ಮದಲ್ಲೇ ಮೋಕ್ಷವುಂಟು ಎಂದರು. ದಿಗಂಬರ ಮತದ ಪ್ರಕಾರ ಅವಳು ಗಂಡಾಗಿ ಹುಟ್ಟಿಬಂದ ಮೇಲೆಯೇ ಅದು ಸಾಧ್ಯ. ಬೇರೆ ಮತದವನಿಗೂ ಮೋಕ್ಷದ ಬಾಗಿಲು ಮುಚ್ಚಿಲ್ಲವೆಂದು ಯಾಪನೀಯರು ಹೇಳುತ್ತಿದ್ದರೆಂದು ಅವರ ವಿರೋಧಿಗಳೇ ಬರೆದಿಟ್ಟಿದ್ದಾರೆ. ಅಂದರೆ ಜೀವ ಒಂಟಿಯೆಂಬ ತತ್ವವನ್ನು ಅವರು ಕೊನೆಯವರೆಗೂ ಎಳೆದರು. ಜೀವ ಒಂಟಿಯಾದರೆ ಅದು ಯಾವ ಮೈಯಲ್ಲಿದೆ, ಯಾವ ಗುಂಪಿನಲ್ಲಿದೆ ಎಂಬುದರಿಂದ ಏನಾಗಬೇಕಿದೆ?

ಈ ಮರೆತ ಸಂಘವನ್ನು ಮತ್ತೆ ಬೆಳಕಿಗೆ ತಂದವರು ಸದಲಗಾದಲ್ಲೇ 1906ರಲ್ಲಿ ಹುಟ್ಟಿದ ಆ.ನೇ. ಉಪಾಧ್ಯೆ. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸುತ್ತಿದ್ದ, 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ವಿದ್ವಾಂಸರು. ಯಾಪನೀಯರ ಬಗ್ಗೆ ಅವರು 1933ರಲ್ಲಿ ಬರೆದರು. ನಾಲ್ಕು ದಶಕಗಳ ಮೇಲೆ ಮತ್ತೆ ಅದೇ ವಿಷಯಕ್ಕೆ ಬಂದರು. ಆ ಸಂಘದ ಬಗ್ಗೆ ಸಿಕ್ಕ ಶಾಸನಗಳಲ್ಲಿ ತೀರಾ ಈಚಿನದು ಕಾಗವಾಡದ ಬಸದಿಯ ನೆಲಮಾಳಿಗೆಯಲ್ಲಿದೆ, ಶಕ 1316ರದು, ಅಂದರೆ 1394. ಅದಾದ ಮೇಲೆ ಯಾಪನೀಯರ ಸುದ್ದಿ ಕೇಳುವುದಿಲ್ಲ. ಅವರನ್ನು ಯಾರೂ ಓಡಿಸಿದಂತಿಲ್ಲ, ದಿಗಂಬರರೊಳಗೆ ಕರಗಿಹೋದರು. ಬೆಳಗಾವಿಯ ದೊಡ್ಡಬಸದಿಯಲ್ಲಿ ದಿಗಂಬರರು ಪೂಜಿಸುವ ನೇಮಿನಾಥನ ವಿಗ್ರಹ 1013ರಲ್ಲಿ ಯಾಪನೀಯರ ಬಸದಿಗೆಂದು ಮಾಡಿಸಿದ್ದೆಂದು ಅದರ ಶಾಸನವೇ ಹೇಳುತ್ತದೆ. ಕೈಮುಗಿಯುವವರಿಗೆ ಅದರಿಂದ ತೊಂದರೆಯಾದದ್ದು ಕೇಳಿಲ್ಲ.

ಯಾಪನೀಯರ ಪುಸ್ತಕದ ಗತಿ ಅಷ್ಟು ಸಲೀಸಾಗಿರಲಿಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಯಾಪನೀಯ ಪಂಡಿತ ಶಾಕಟಾಯನ ಎರಡು ಬಗೆಯ ಗ್ರಂಥ ಬರೆದ. ಒಂದು ವ್ಯಾಕರಣ, ಇನ್ನೊಂದು ಹೆಣ್ಣಿನ ಮೋಕ್ಷದ ಪರವಾಗಿ ವಾದಿಸುವ ಸ್ತ್ರೀಮುಕ್ತಿ ಪ್ರಕರಣ. ಅವನ ವ್ಯಾಕರಣವನ್ನು ದಿಗಂಬರ ಪಂಡಿತರು ಓದಿದರು, ಅದಕ್ಕೆ ಟೀಕೆ ಬರೆದರು, ತಮ್ಮದೆಂದು ಉಳಿಸಿಕೊಂಡರು. ಸ್ತ್ರೀಮುಕ್ತಿ ಪ್ರಕರಣ ಉಳಿದದ್ದು ಗುಜರಾತಿನ ಶ್ವೇತಾಂಬರ ಭಂಡಾರಗಳ ತಾಳೆಗರಿಗಳಲ್ಲಿ. 1974ರಲ್ಲಿ ಅದನ್ನು ಸಂಪಾದಿಸಿ ಭಾವನಗರದಿಂದ ಅಚ್ಚು ಹಾಕಿಸಿದವರು ಶ್ವೇತಾಂಬರ ಮುನಿ ಜಂಬೂವಿಜಯರು.